ತೆರೆದ ಪೆಟ್ಟಿಗೆಯ ಚರಿತ್ರೆ: ಬಿಡಿಭಾಗಗಳ ಗಣಕ ಬಾಳೆಲೆಗೆ ಬಂದ ಬಗೆ

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದು, ಬೀಜ ಒಣಗಿ, ಮಾರಾಟದ ಹಣ ಕೈಗೆ ಬರುವ ಹೊತ್ತಿಗೆ ಮನೆಗಳಲ್ಲಿ ಆ ವರ್ಷದ ದೊಡ್ಡ ಖರ್ಚುಗಳ ಲೆಕ್ಕ ಶುರುವಾಗುತ್ತದೆ. ಹಿಂದೆ ಆ ಪಟ್ಟಿಯಲ್ಲಿ ಪಂಪ್‌ಸೆಟ್, ಟಿ.ವಿ., ಸ್ಕೂಟರ್ ಇರುತ್ತಿದ್ದವು. ಈಗ ಹದಿಹರೆಯದವರಿರುವ ಮನೆಗಳಲ್ಲಿ ಹೊಸದೊಂದು ಬೇಡಿಕೆ ಸೇರಿಕೊಂಡಿದೆ: ಆಟವಾಡಲು ಮತ್ತು ಆಡಿದ್ದನ್ನು ಅಂತರಜಾಲದಲ್ಲಿ ನೇರ ಪ್ರಸಾರ ಮಾಡಲು ಒಂದು ಕಂಪ್ಯೂಟರ್. ಅದೂ ಸಿದ್ಧವಾಗಿ ಸಿಗುವ ಪೆಟ್ಟಿಗೆಯಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಪವರ್ ಸಪ್ಲೈ ಎಂದು ಒಂದೊಂದನ್ನೂ ಆರಿಸಿ ಜೋಡಿಸಿಕೊಳ್ಳುವ ಯಂತ್ರ.

ಸ್ವಲ್ಪ ಯೋಚಿಸಿದರೆ ಇದೊಂದು ವಿಚಿತ್ರ ಸಂಗತಿ. ಫ್ರಿಜ್ಜನ್ನು ಯಾರೂ ಹೀಗೆ ಕೊಳ್ಳುವುದಿಲ್ಲ. ಒಂದು ಕಂಪೆನಿಯ ಕಂಪ್ರೆಸರ್, ಇನ್ನೊಂದರ ಬಾಗಿಲು, ಮತ್ತೊಂದರ ತಂಪುಕೊಳವೆ ತಂದು ಮನೆಯಲ್ಲಿ ಜೋಡಿಸಿ ಎಂದರೆ ನಗುತ್ತಾರೆ. ಕಂಪ್ಯೂಟರಿನಲ್ಲಿ ಮಾತ್ರ ಇದು ಸಾಧ್ಯವಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಕಳೆದ ನಾಲ್ಕು ದಶಕಗಳ ಚರಿತ್ರೆಯಲ್ಲಿದೆ. ಆ ಚರಿತ್ರೆ ತಿಳಿದರೆ ಯಾವ ಭಾಗವನ್ನು ಮೊದಲು ಆರಿಸಬೇಕು, ಯಾವುದನ್ನು ನಂತರ ಬದಲಿಸಿಕೊಳ್ಳಬಹುದು ಎಂಬುದೂ ಸ್ಪಷ್ಟವಾಗುತ್ತದೆ. ಪೊನ್ನಂಪೇಟೆ ತಾಲ್ಲೂಕಿನ ಬಾಳೆಲೆಯಂಥ ಊರಿನಲ್ಲಿ ಈ ತಿಳಿವಳಿಕೆಗೆ ಹೆಚ್ಚಿನ ಬೆಲೆಯಿದೆ. ನಾಗರಹೊಳೆ ಕಾಡಿಗೆ ಹತ್ತಿರದ, ಗದ್ದೆ-ಕಾಫಿ-ಕರಿಮೆಣಸಿನ ಈ ಊರಿನಲ್ಲಿ ತಪ್ಪು ಭಾಗವನ್ನು ಕೊಂಡರೆ ಮರುದಿನವೇ ಹೋಗಿ ಬದಲಿಸಿಕೊಂಡು ಬರುವುದು ಸುಲಭವಲ್ಲ. ಹಣವೂ ಮುಂದಿನ ಕೊಯ್ಲಿನವರೆಗೆ ಮತ್ತೆ ಬರುವುದಿಲ್ಲ.

ಐಬಿಎಂ ತೆರೆದಿಟ್ಟ ಪೆಟ್ಟಿಗೆ

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪೆನಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಮಾದರಿ ಸಂಖ್ಯೆ 5150. ಒಳಗಿದ್ದದ್ದು ಇಂಟೆಲ್ ಕಂಪೆನಿಯ 8088 ಪ್ರೊಸೆಸರ್, ವೇಗ 4.77 ಮೆಗಾಹರ್ಟ್ಸ್. ಅತಿ ಕಡಿಮೆ ಬೆಲೆಯ ಮಾದರಿಯಲ್ಲಿದ್ದ ಸ್ಮೃತಿ 16 ಕಿಲೋಬೈಟ್ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಯದು!

ಅಲ್ಲಿಯವರೆಗೆ ದೊಡ್ಡ ಗಣಕಗಳ ಪ್ರತಿ ಭಾಗವನ್ನೂ ತಾನೇ ತಯಾರಿಸುತ್ತಿದ್ದ ಐಬಿಎಂ ಈ ಬಾರಿ ಬೇರೆ ದಾರಿ ಹಿಡಿಯಿತು. ಸುಮಾರು ಒಂದು ವರ್ಷದಲ್ಲಿ ಯಂತ್ರ ಮಾರುಕಟ್ಟೆಗೆ ಬರಬೇಕಿತ್ತು. ಆದ್ದರಿಂದ ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳತ್ವದ ತಂಡ ಹೊರಗೆ ಸಿಗುತ್ತಿದ್ದ ಭಾಗಗಳನ್ನೇ ಬಳಸಿತು. ಮದರ್‌ಬೋರ್ಡಿನ ಮೇಲೆ ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸಲು ಐದು ಸಂದುಗಳನ್ನು ಬಿಟ್ಟಿತು. ಅಷ್ಟೇ ಅಲ್ಲ, ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನೂ, ಬಯೋಸ್ ಎಂಬ ಮೂಲ ತಂತ್ರಾಂಶದ ಪೂರ್ತಿ ಪಠ್ಯವನ್ನೂ ಕೈಪಿಡಿಯಲ್ಲಿ ಅಚ್ಚುಹಾಕಿ ಮಾರಿತು. ಬೇರೆಯವರು ಈ ಸಂದುಗಳಿಗೆ ಹೊಂದುವ ಕಾರ್ಡುಗಳನ್ನು ಮಾಡಲಿ, ತನ್ನ ಯಂತ್ರ ಹೆಚ್ಚು ಮಾರಾಟವಾಗಲಿ ಎಂಬುದು ಲೆಕ್ಕಾಚಾರ.

ಕಾರ್ಡು ಮಾಡುವವರು ಬಂದರು. ಅವರ ಹಿಂದೆಯೇ ಇಡೀ ಯಂತ್ರವನ್ನು ಮಾಡುವವರೂ ಬಂದರು. ಬಯೋಸ್‌ನ ಹಕ್ಕು ಐಬಿಎಂನದಾಗಿದ್ದರಿಂದ ಅದನ್ನು ನಕಲು ಮಾಡುವಂತಿರಲಿಲ್ಲ. ಆದರೆ ಅದು ಏನು ಮಾಡುತ್ತದೆ ಎಂಬುದನ್ನು ಒಂದು ತಂಡ ವಿವರವಾಗಿ ಬರೆದುಕೊಟ್ಟು, ಮೂಲವನ್ನು ನೋಡಿಯೇ ಇರದ ಇನ್ನೊಂದು ತಂಡ ಅದೇ ಕೆಲಸ ಮಾಡುವ ಹೊಸ ತಂತ್ರಾಂಶವನ್ನು ಬರೆದರೆ ಅದು ನಕಲಲ್ಲ. ಈ ವಿಧಾನದಿಂದ ಕಾಂಪ್ಯಾಕ್ ಕಂಪೆನಿ 1982ರ ನವೆಂಬರಿನಲ್ಲಿ ಐಬಿಎಂಗೆ ಹೊಂದುವ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಕಂಪೆನಿ ಇಂಥದ್ದೇ ಬಯೋಸನ್ನು ಬೇಕಾದವರಿಗೆಲ್ಲ ಮಾರತೊಡಗಿತು. ಅಲ್ಲಿಂದ ಮುಂದೆ ಪರ್ಸನಲ್ ಕಂಪ್ಯೂಟರ್ ಯಾವ ಒಂದು ಕಂಪೆನಿಯ ಸ್ವತ್ತೂ ಆಗಿ ಉಳಿಯಲಿಲ್ಲ.

ಕಳೆದುಕೊಂಡ ಹಿಡಿತವನ್ನು ಮತ್ತೆ ಪಡೆಯಲು ಐಬಿಎಂ ಪ್ರಯತ್ನಿಸದೆ ಇರಲಿಲ್ಲ. 1987ರಲ್ಲಿ ಹೊಸ ಬಗೆಯ ಸಂದುಗಳಿದ್ದ ಪಿಎಸ್/2 ಯಂತ್ರಗಳನ್ನು ತಂದಿತು. ಅವುಗಳನ್ನು ಬಳಸಬಯಸುವ ಇತರರು ಪರವಾನಗಿ ಶುಲ್ಕ ಕೊಡಬೇಕಾಗಿತ್ತು. 1988ರಲ್ಲಿ ಒಂಬತ್ತು ಕಂಪೆನಿಗಳು ಒಟ್ಟುಗೂಡಿ ಇದಕ್ಕೆ ಎದುರಾಗಿ ತಮ್ಮದೇ ಮಾನಕವನ್ನು ಮುಂದಿಟ್ಟವು. ಕೊಳ್ಳುವವರು ಹಳೆಯ ಕಾರ್ಡು ಹೊಂದದ ಐಬಿಎಂ ಯಂತ್ರದ ಕಡೆಗೆ ವಾಲಲಿಲ್ಲ. ಆಮೇಲೆ ಬಂದ ಪಿಸಿಐ (1992), ಎಜಿಪಿ (1997), ಪಿಸಿಐ ಎಕ್ಸ್‌ಪ್ರೆಸ್ (2003) ಸಂದುಗಳು ಹಲವು ತಯಾರಕರು ಒಪ್ಪಿದ ಮಾನಕಗಳಾಗಿಯೇ ಬೆಳೆದವು.

ಮಾನಕಗಳ ಬೆಲೆ ಏನೆಂಬುದಕ್ಕೆ ಪವರ್ ಸಪ್ಲೈ ಒಳ್ಳೆಯ ಉದಾಹರಣೆ. ಹಳೆಯ ಎಟಿ ಮಾದರಿಯಲ್ಲಿ ಪಿ8, ಪಿ9 ಎಂಬ ಎರಡು ಪ್ಲಗ್‌ಗಳನ್ನು ಅಕ್ಕಪಕ್ಕ ಸಿಕ್ಕಿಸಬೇಕಿತ್ತು. ಎರಡರ ಕಪ್ಪು ತಂತಿಗಳು ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಅದಲುಬದಲಾದರೆ ಮದರ್‌ಬೋರ್ಡು ಸುಟ್ಟುಹೋಗುವ ಸಂಭವವಿತ್ತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನಕ ಒಂದೇ ದಿಕ್ಕಿನಲ್ಲಿ ಮಾತ್ರ ಕೂರುವ ಒಂದೇ ಪ್ಲಗ್ಗನ್ನು ತಂದಿತು. ಪೆಟ್ಟಿಗೆಯ ತಿರುಪುಗಳ ಜಾಗ, ಬೋರ್ಡಿನ ಅಳತೆ, ಹಿಂಬದಿಯ ಕಿಂಡಿಗಳ ಸ್ಥಾನ ಎಲ್ಲವೂ ಗೊತ್ತಾದವು. ಪಳಗಿದ ಮೆಕ್ಯಾನಿಕ್ ಅಲ್ಲದವರೂ ಮನೆಯಲ್ಲಿ ಗಣಕ ಜೋಡಿಸಬಹುದಾದದ್ದು ಹೀಗೆ.

ಬೆಂಗಳೂರಿಗೆ, ಅಲ್ಲಿಂದ ಕೊಡಗಿಗೆ

ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋಗಿತ್ತು. ಆ ತೆರವಿನಲ್ಲಿ ಬೆಳೆದ ದೇಶೀ ತಯಾರಕರಲ್ಲಿ ಬೆಂಗಳೂರಿನ ವಿಪ್ರೋ ಮತ್ತು ಪಿಎಸ್‌ಐ ಡೇಟಾ ಸಿಸ್ಟಮ್ಸ್ ಸೇರಿದ್ದವು. ಆದರೆ ಬಿಡಿಭಾಗಗಳ ಆಮದಿನ ಮೇಲೆ ಭಾರಿ ಸುಂಕವಿತ್ತು, ಪರವಾನಗಿಗಳ ತೊಡಕಿತ್ತು. 1984ರ ನವೆಂಬರಿನಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಈ ಕಟ್ಟನ್ನು ಸಡಿಲಿಸಿತು. 1991ರ ಆರ್ಥಿಕ ಸುಧಾರಣೆ ಇನ್ನಷ್ಟು ಸಡಿಲಿಸಿತು. ಕೊನೆಗೆ 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರಂತೆ ಗಣಕ ಮತ್ತು ಅದರ ಮುಖ್ಯ ಭಾಗಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ವೇಳೆಗೆ ಶೂನ್ಯಕ್ಕೆ ಬಂತು.

ಇದರ ಫಲ ಕಣ್ಣಿಗೆ ಕಂಡದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಪುರಭವನ ಮತ್ತು ಕೃಷ್ಣರಾಜ ಮಾರುಕಟ್ಟೆಗೆ ಸಮೀಪದ ಸಾದರ್ ಪತ್ರಪ್ಪ ರಸ್ತೆ ಇಡೀ ರಾಜ್ಯಕ್ಕೆ ಗಣಕದ ಬಿಡಿಭಾಗಗಳ ಸಂತೆಯಾಯಿತು. ಹೆಸರಾಂತ ಕಂಪೆನಿಗಳ ಯಂತ್ರಕ್ಕಿಂತ ಕಡಿಮೆ ಬೆಲೆಗೆ ‘ಅಸೆಂಬಲ್ಡ್’ ಯಂತ್ರ ಸಿಗತೊಡಗಿತು. ‘ಅಸೆಂಬಲ್ಡಾ, ಬ್ರಾಂಡೆಡ್ಡಾ?’ ಎಂಬುದು 2000ದ ದಶಕದಲ್ಲಿ ಕಂಪ್ಯೂಟರ್ ಕೊಳ್ಳುವ ಪ್ರತಿಯೊಬ್ಬರೂ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪೇಟೆಗಳಲ್ಲಿ ಯಂತ್ರ ಜೋಡಿಸಿಕೊಡುವ ಸಣ್ಣ ಅಂಗಡಿಗಳು ಹುಟ್ಟಿದವು. ಸೈಬರ್ ಕೆಫೆಗಳಿಗೂ ಈ ಜೋಡಿಸಿದ ಯಂತ್ರಗಳೇ ಆಧಾರ. ಗಂಟೆಗಿಷ್ಟು ಹಣ ಕೊಟ್ಟು ‘ರೋಡ್ ರ‍್ಯಾಶ್’, ‘ಕೌಂಟರ್-ಸ್ಟ್ರೈಕ್’ ಆಡಿ ಬೆಳೆದ ತಲೆಮಾರು ಈಗ ಮಕ್ಕಳ ಬೇಡಿಕೆಯನ್ನು ಕೇಳಿಸಿಕೊಳ್ಳುವ ತಂದೆತಾಯಿಗಳ ವಯಸ್ಸಿನಲ್ಲಿದೆ.

ಹಳ್ಳಿಯ ರೈತರಲ್ಲಿ ಅನೇಕರು ಗಣಕವನ್ನು ಮೊದಲು ಕಂಡದ್ದು ಆಟಕ್ಕಾಗಿ ಅಲ್ಲ, ಪಹಣಿಗಾಗಿ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 2000ದ ದಶಕದ ಆರಂಭದಲ್ಲಿ ಆಗಿನ 177 ತಾಲ್ಲೂಕುಗಳಲ್ಲಿ ಭೂದಾಖಲೆಗಳು ಗಣಕಕ್ಕೆ ಏರಿದವು. ಬಾಳೆಲೆ ಆಗ ವಿರಾಜಪೇಟೆ ತಾಲ್ಲೂಕಿನ ಹೋಬಳಿ. ಕೈಬರಹದ ಪಹಣಿಯ ಬದಲು ಮುದ್ರಿತ ಪಹಣಿ ಕೈಗೆ ಬಂದಾಗ ಗಣಕ ಎಂಬುದು ಸರ್ಕಾರಿ ಕಚೇರಿಯ ಯಂತ್ರವಾಗಿ ಪರಿಚಯವಾಯಿತು. ಅದು ಮನೆಯ ಮೇಜಿಗೆ ಬರಲು ಇನ್ನೂ ಎರಡು ಸಂಗತಿ ನಡೆಯಬೇಕಿತ್ತು.

ಆಟ ಹುಟ್ಟಿಸಿದ ಚಿಪ್

ಮೊದಲನೆಯದು ಗ್ರಾಫಿಕ್ಸ್. 1981ರ ಐಬಿಎಂ ಯಂತ್ರದ ಬಣ್ಣದ ಕಾರ್ಡು 320×200 ಚುಕ್ಕೆಗಳ ಚಿತ್ರದಲ್ಲಿ ಒಮ್ಮೆಗೆ ನಾಲ್ಕು ಬಣ್ಣ ತೋರಿಸುತ್ತಿತ್ತು. 1987ರ ವಿಜಿಎ ಅಷ್ಟೇ ಚುಕ್ಕೆಗಳಲ್ಲಿ 256 ಬಣ್ಣ ತಂದಿತು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟ ಮೂರು ಆಯಾಮದ ಭ್ರಮೆ ಹುಟ್ಟಿಸಿತಾದರೂ ಅದರ ಲೆಕ್ಕವನ್ನೆಲ್ಲ ಮಾಡುತ್ತಿದ್ದುದು ಮುಖ್ಯ ಪ್ರೊಸೆಸರೇ. ಮುಂದಿನ ಆಟಗಳಿಗೆ ಆ ಶಕ್ತಿ ಸಾಲದಾಯಿತು.

ಇಲ್ಲಿ ತೆರೆದ ಪೆಟ್ಟಿಗೆ ನೆರವಿಗೆ ಬಂತು. 1996ರಲ್ಲಿ 3ಡಿಎಫ್‌ಎಕ್ಸ್ ಕಂಪೆನಿಯ ‘ವೂಡೂ’ ಕಾರ್ಡು ಬಂದಾಗ ಯಾರೂ ಇಡೀ ಗಣಕ ಬದಲಿಸಬೇಕಾಗಲಿಲ್ಲ. ಖಾಲಿ ಇದ್ದ ಸಂದಿಗೆ ಸಿಕ್ಕಿಸಿ, ಹಳೆಯ ಕಾರ್ಡಿನಿಂದ ಒಂದು ತಂತಿ ಎಳೆದರೆ ಆಯಿತು. 1999ರಲ್ಲಿ ಎನ್‌ವಿಡಿಯಾ ಕಂಪೆನಿ ‘ಜಿಫೋರ್ಸ್ 256’ ತಂದು ಅದನ್ನು ಜಿಪಿಯು, ಅಂದರೆ ಗ್ರಾಫಿಕ್ಸ್ ಸಂಸ್ಕರಣಾ ಘಟಕ, ಎಂದು ಕರೆಯಿತು. ಅದರಲ್ಲಿ ಸುಮಾರು 2.3 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಲೆಕ್ಕವನ್ನು ಏಕಕಾಲದಲ್ಲಿ ಮಾಡುವುದು ಇದರ ಗುಣ. ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಇಲ್ಲಿ ಆರಂಭವಾಯಿತು. 2008ರಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ತಿರುಳಿನ ‘ಡನಿಂಗ್ಟನ್’ ಸರ್ವರ್ ಪ್ರೊಸೆಸರಿನ ವಿನ್ಯಾಸ ಬಹುಪಾಲು ಬೆಂಗಳೂರಿನಲ್ಲೇ ನಡೆಯಿತು.

ಆಡುವುದರಿಂದ ಪ್ರಸಾರ ಮಾಡುವತ್ತ

ಎರಡನೆಯ ಸಂಗತಿ ನೇರ ಪ್ರಸಾರ. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ಜಸ್ಟಿನ್.ಟಿವಿ ಎಂಬ ತಾಣದಲ್ಲಿ ಆಟದ ಪ್ರಸಾರಗಳೇ ಜನಪ್ರಿಯವಾದವು; 2011ರಲ್ಲಿ ಅವುಗಳಿಗಾಗಿ ‘ಟ್ವಿಚ್’ ಬೇರೆಯಾಯಿತು. 2012ರಲ್ಲಿ ಹ್ಯೂ ಬೈಲಿ ಎಂಬವರು ಬರೆದು ಉಚಿತವಾಗಿ ಹಂಚಿದ ‘ಒಬಿಎಸ್’ ತಂತ್ರಾಂಶದಿಂದ ಸಾಮಾನ್ಯ ಗಣಕವೇ ಒಂದು ಪುಟ್ಟ ಪ್ರಸಾರ ಕೇಂದ್ರವಾಯಿತು. ಭಾರತದಲ್ಲಿ 2016ರ ನಂತರ ಮೊಬೈಲ್ ದತ್ತಾಂಶ ಅಗ್ಗವಾಗಿ, 2018ರಿಂದ ಪಬ್‌ಜಿಯಂಥ ಮೊಬೈಲ್ ಆಟಗಳು ಹರಡಿ, ಯೂಟ್ಯೂಬಿನಲ್ಲಿ ಕನ್ನಡದಲ್ಲೂ ಮಾತಾಡುತ್ತ ಆಡುವವರು ಕಾಣಿಸಿಕೊಂಡರು. ಮೊಬೈಲಿನಲ್ಲಿ ಆರಂಭಿಸಿದ ಹಲವರ ಮುಂದಿನ ಆಸೆ ಗಣಕ.

ಪ್ರಸಾರ ಗಣಕದ ಮೇಲೆ ಎಂಥ ಹೊರೆ ಹೊರಿಸುತ್ತದೆ ಎಂಬುದನ್ನು ಲೆಕ್ಕಹಾಕಿ ನೋಡೋಣ. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ 1920×1080, ಅಂದರೆ 20,73,600 ಚುಕ್ಕೆಗಳಿವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಚಿತ್ರಗಳಾದರೆ ಒಟ್ಟು ಸುಮಾರು 298 ಕೋಟಿ ಬಿಟ್. ಮನೆಯ ಅಂತರಜಾಲ ಸಂಪರ್ಕದಲ್ಲಿ ಇದನ್ನು ಕಳಿಸುವುದು ಅಸಾಧ್ಯ. ಪ್ರಸಾರಕರು ಸಾಮಾನ್ಯವಾಗಿ ಕಳಿಸುವುದು ಸೆಕೆಂಡಿಗೆ 60 ಲಕ್ಷ ಬಿಟ್, ಅಂದರೆ 6 ಮೆಗಾಬಿಟ್. ಮೂಲದ ಸುಮಾರು ಐನೂರನೆಯ ಒಂದು ಪಾಲು! ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡು, ಕಣ್ಣಿಗೆ ಕಾಣದ ವಿವರಗಳನ್ನು ಬಿಟ್ಟು ಹೀಗೆ ಕುಗ್ಗಿಸುವ ಕ್ರಮಕ್ಕೆ ಎನ್‌ಕೋಡಿಂಗ್ ಎಂದು ಹೆಸರು. 2003ರಲ್ಲಿ ರೂಪುಗೊಂಡ ಎಚ್.264 ಇದರ ಪ್ರಸಿದ್ಧ ಮಾನಕ.

ಆರಂಭದಲ್ಲಿ ಈ ಕೆಲಸವನ್ನೂ ಮುಖ್ಯ ಪ್ರೊಸೆಸರೇ ಮಾಡಬೇಕಿತ್ತು. ಆಟದ ಲೆಕ್ಕ, ಕುಗ್ಗಿಸುವ ಲೆಕ್ಕ ಎರಡೂ ಒಂದರ ಮೇಲೇ ಬಿದ್ದು ಆಟ ತಡವರಿಸುತ್ತಿತ್ತು. ಹಣವುಳ್ಳವರು ಆಡಲು ಒಂದು, ಪ್ರಸಾರಕ್ಕೆ ಇನ್ನೊಂದು ಎಂದು ಎರಡು ಗಣಕ ಇಟ್ಟುಕೊಳ್ಳುತ್ತಿದ್ದರು. 2011ರಲ್ಲಿ ಇಂಟೆಲ್ ತನ್ನ ಪ್ರೊಸೆಸರುಗಳೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ‘ಕ್ವಿಕ್ ಸಿಂಕ್’ ಎಂಬ ಎನ್‌ಕೋಡರ್ ಮಂಡಲವನ್ನು ಸೇರಿಸಿತು. 2012ರಲ್ಲಿ ಎನ್‌ವಿಡಿಯಾ ‘ಎನ್‌ವೆಂಕ್’ ಎಂಬುದನ್ನು ತನ್ನ ಕಾರ್ಡುಗಳಿಗೆ ತಂದಿತು. ಎಎಂಡಿ ಕಂಪೆನಿಯೂ ಅದೇ ಸುಮಾರಿಗೆ ತನ್ನದನ್ನು ಹೊರತಂದಿತು. ಎರಡು ಗಣಕಗಳ ಕೆಲಸ ಒಂದಕ್ಕೇ ಇಳಿದದ್ದು ಈ ಪುಟ್ಟ ಮಂಡಲದಿಂದ.

ಮೊದಲ ಬಾರಿ ಕೊಳ್ಳುವವರು ಎಡವುವುದು ಇಲ್ಲಿಯೇ. ಎಲ್ಲ ಗ್ರಾಫಿಕ್ಸ್ ಕಾರ್ಡುಗಳಲ್ಲೂ ಈ ಮಂಡಲ ಇರುವುದಿಲ್ಲ. ಎನ್‌ವಿಡಿಯಾದ ಜಿಟಿ 1030 ಕಾರ್ಡಿನಲ್ಲಿ ಅದಿಲ್ಲ. ಎಎಂಡಿ 2022ರಲ್ಲಿ ತಂದ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡುಗಳಲ್ಲೂ ಅದನ್ನು ಕೈಬಿಡಲಾಗಿದೆ. ಇವು ಆಟ ತೋರಿಸುತ್ತವೆ, ಪ್ರಸಾರಕ್ಕೆ ನೆರವಾಗುವುದಿಲ್ಲ. ಹಾಗೆಯೇ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಭಾಗವಿಲ್ಲ, ಆದ್ದರಿಂದ ಕ್ವಿಕ್ ಸಿಂಕ್ ಕೂಡ ಇಲ್ಲ. ಸ್ವಲ್ಪ ಅಗ್ಗದ ‘ಎಫ್’ ಪ್ರೊಸೆಸರಿನ ಜೊತೆಗೆ ಎನ್‌ಕೋಡರ್ ಇಲ್ಲದ ಕಾರ್ಡನ್ನು ತಂದರೆ 2011ಕ್ಕೆ ಹಿಂದಿನ ಸ್ಥಿತಿಗೆ ಮರಳಿದಂತೆಯೇ ಸರಿ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಇದು ತಿಳಿಯದು. ತಯಾರಕರ ವಿವರಪಟ್ಟಿಯನ್ನು ಓದಬೇಕು.

ಬಾಳೆಲೆಯ ಲೆಕ್ಕ: ವಿದ್ಯುತ್ತು

ಈವರೆಗೆ ಹೇಳಿದ್ದು ಎಲ್ಲ ಊರಿಗೂ ಅನ್ವಯ. ಬಾಳೆಲೆಗೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂಮಳೆ ಗುಡುಗು-ಸಿಡಿಲಿನೊಂದಿಗೆ ಬರುತ್ತದೆ. ಜೂನ್‌ನಿಂದ ಮುಂಗಾರು. ಗಾಳಿಗೆ ತೋಟದ ಮರಗಳು ತಂತಿಯ ಮೇಲೆ ಬೀಳುವುದು, ವಿದ್ಯುತ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೋಗುವುದು ಕೊಡಗಿನಲ್ಲಿ ಹೊಸತಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ.

ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಎಟಿಎಕ್ಸ್ ಪವರ್ ಸಪ್ಲೈಗಳ ವಿನ್ಯಾಸ ಸೂಚಿಯ ಪ್ರಕಾರ ಹೊರಗಿನ ವಿದ್ಯುತ್ ಹೋದ ಮೇಲೆ ಒಳಗಿನ ಕೆಪಾಸಿಟರುಗಳು ಗಣಕವನ್ನು ಹಿಡಿದು ನಿಲ್ಲಿಸಬೇಕಾದ ಅವಧಿ, ಹೊರೆಯನ್ನೂ ಆವೃತ್ತಿಯನ್ನೂ ಅನುಸರಿಸಿ, ಸುಮಾರು 12ರಿಂದ 17 ಮಿಲಿಸೆಕೆಂಡು. ಒಂದು ಆವರ್ತವೂ ಪೂರ್ತಿಯಿಲ್ಲ. ಮನೆಯ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಎರಡು ಕ್ರಮಗಳಿರುತ್ತವೆ. ದೀಪ-ಫ್ಯಾನುಗಳಿಗೆ ಸಾಕಾಗುವ ಸಾಧಾರಣ ಕ್ರಮದಲ್ಲಿ ಬ್ಯಾಟರಿಗೆ ಬದಲಾಗಲು ಈ ಅವಧಿಗಿಂತ ಹೆಚ್ಚು ಸಮಯ ಹಿಡಿಯಬಹುದು. ಯುಪಿಎಸ್ ಕ್ರಮದಲ್ಲಿ ಬದಲಾವಣೆ ಬೇಗ ಆಗುತ್ತದೆ. ಇನ್ವರ್ಟರ್ ಇದ್ದರೂ ಗಣಕ ಆರಿಹೋಗುತ್ತದೆ ಎಂಬ ದೂರಿಗೆ ಅನೇಕ ವೇಳೆ ಹಿಂಬದಿಯ ಈ ಒಂದು ಗುಂಡಿ ಕಾರಣ.

ಇನ್ನು ಸಾಮರ್ಥ್ಯ. ಮಧ್ಯಮ ದರ್ಜೆಯ ಆಟದ ಗಣಕ ಮಾನಿಟರ್ ಸಮೇತ ಪೂರ್ಣ ಹೊರೆಯಲ್ಲಿ ಸುಮಾರು 300 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಅಂಗಡಿಯ 600 ವಿಎ ಯುಪಿಎಸ್ ಎಂದರೆ 600 ವಾಟ್ ಅಲ್ಲ. ಹೆಚ್ಚಿನವು ಕೊಡುವುದು 360 ವಾಟ್. ಅಷ್ಟರಲ್ಲಿ ಕೆಲವೇ ನಿಮಿಷ ಸಿಗುತ್ತದೆ. ಆಟ ಉಳಿಸಿ ಗಣಕ ಮುಚ್ಚಲು ಸಾಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿ 1800 ವಾಟ್-ಗಂಟೆ ಶಕ್ತಿಯಿದ್ದರೂ ಬಳಸಬಹುದಾದದ್ದು ಅದರ ಮೂರನೆಯ ಎರಡು ಪಾಲು ಎಂದು ಹಿಡಿದರೆ 300 ವಾಟ್ ಗಣಕ ನಾಲ್ಕು ಗಂಟೆ ನಡೆಯುತ್ತದೆ. ಆದರೆ ಮನೆಯ ದೀಪಗಳಿಗೆ ಆಮೇಲೆ ಏನೂ ಉಳಿಯುವುದಿಲ್ಲ! ಆದ್ದರಿಂದ ಬಾಳೆಲೆಯಲ್ಲಿ ಹೆಚ್ಚು ವಾಟಿನ ಕಾರ್ಡಿಗಿಂತ ಕಡಿಮೆ ವಾಟಿನಲ್ಲಿ ಸಾಕಷ್ಟು ಕೆಲಸ ಮಾಡುವ ಕಾರ್ಡೇ ಮೇಲು.

ಸಿಡಿಲಿನ ಕಾಲದಲ್ಲಿ ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ತಡೆ ಇರಲೇಬೇಕು. ಆದರೂ ಗುಡುಗು ಕೇಳಿದೊಡನೆ ಪ್ಲಗ್ ತೆಗೆಯುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಹಳೆಯ ತಾಮ್ರದ ದೂರವಾಣಿ ತಂತಿಗಳ ಮೂಲಕವೂ ಸಿಡಿಲಿನ ಹೊಡೆತ ಮೋಡೆಮ್‌ಗೆ ಬರುತ್ತಿತ್ತು. ಗಾಜಿನ ಎಳೆಯ ಫೈಬರ್ ವಿದ್ಯುತ್ ಹರಿಸುವುದಿಲ್ಲ. ಆದರೆ ಕೆಲವು ಕೇಬಲ್‌ಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದರಿಂದ ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಬಾಳೆಲೆಯ ಲೆಕ್ಕ: ಅಪ್‌ಲೋಡ್

ಎರಡನೆಯ ಕಟ್ಟುಪಾಡು ಸಂಪರ್ಕ. 2004ರ ಭಾರತೀಯ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತ್ತು. ಆ ಕಾಲದ ಎಡಿಎಸ್‌ಎಲ್ ಸಂಪರ್ಕದ ಹೆಸರಿನಲ್ಲೇ ‘ಅಸಮ’ ಎಂಬ ಅರ್ಥವಿದೆ: ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ನೋಡುವವರಿಗೆ ಅದು ಸಾಕಾಗಿತ್ತು. ಪ್ರಸಾರಕರಿಗೆ ಬೇಕಾದದ್ದು ಹೋಗುವ ದಾರಿ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಕೊಡಗಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಆನ್‌ಲೈನ್ ಪಾಠಕ್ಕಾಗಿ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆಯನ್ನೇ ಕಟ್ಟಿಕೊಂಡರು. ಕೊಡಗಿನಲ್ಲಿ ಗಣಕ ಎಷ್ಟೇ ಬಲವಾಗಿದ್ದರೂ ಕೊನೆಯ ಮಾತು ಸಂಪರ್ಕದ್ದು ಎಂಬುದು ಆ ವರ್ಷ ಎಲ್ಲರಿಗೂ ಅರ್ಥವಾಯಿತು.

ಆದ್ದರಿಂದ ಕಾರ್ಡು ಕೊಳ್ಳುವ ಮೊದಲು ಮನೆಯಲ್ಲಿ ಅಪ್‌ಲೋಡ್ ವೇಗವನ್ನು ಅಳೆಯಿರಿ. ಬೆಳಿಗ್ಗೆ, ಸಂಜೆ, ಮಳೆಯ ದಿನ ಹೀಗೆ ಹಲವು ಬಾರಿ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆದಿಟ್ಟುಕೊಳ್ಳಿ. ಅದರ ಮುಕ್ಕಾಲು ಪಾಲಿಗಿಂತ ಹೆಚ್ಚಿನದನ್ನು ಪ್ರಸಾರಕ್ಕೆ ಎಣಿಸಬೇಡಿ. 4 ಮೆಗಾಬಿಟ್ ಮಾತ್ರ ಸಿಗುವುದಾದರೆ 3 ಮೆಗಾಬಿಟ್‌ನಲ್ಲಿ 1280×720 ಚುಕ್ಕೆಗಳ, ಸೆಕೆಂಡಿಗೆ 30 ಚಿತ್ರಗಳ ಪ್ರಸಾರ ಚೆನ್ನಾಗಿಯೇ ಬರುತ್ತದೆ. ಗಂಟೆಗೆ ಇದಕ್ಕೆ 1.35 ಗಿಗಾಬೈಟ್ ಖರ್ಚು. 6 ಮೆಗಾಬಿಟ್ ಆದರೆ 2.7 ಗಿಗಾಬೈಟ್. ದಿನಕ್ಕೆ 2 ಗಿಗಾಬೈಟ್ ಮಿತಿಯ ಮೊಬೈಲ್ ಯೋಜನೆ ಎಷ್ಟು ಹೊತ್ತು ಬಾಳುತ್ತದೆ ಎಂದು ನೀವೇ ಲೆಕ್ಕಹಾಕಬಹುದು. ಸಂಪರ್ಕ ತೀರ ದುರ್ಬಲವಾಗಿದ್ದರೆ ಆಟವನ್ನು ಗಣಕದಲ್ಲೇ ಮುದ್ರಿಸಿಕೊಂಡು, ರಾತ್ರಿ ದಟ್ಟಣೆ ಇಳಿದಾಗ ಯೂಟ್ಯೂಬಿಗೆ ಏರಿಸುವುದು ಜಾಣತನ. ಅಂಥವರು ಕಾರ್ಡಿನ ಹಣದಲ್ಲಿ ಸ್ವಲ್ಪವನ್ನು ಎಸ್‌ಎಸ್‌ಡಿ ಸಂಗ್ರಹಕ್ಕೆ ಕೊಡಬೇಕು.

ಆಯ್ಕೆಯ ಕ್ರಮ

ಈಗ ಭಾಗಗಳಿಗೆ ಬರೋಣ. ಬದಲಿಸಲು ಕಷ್ಟವಾದದ್ದನ್ನು, ಕೆಟ್ಟರೆ ಉಳಿದವನ್ನೂ ಕೆಡಿಸುವುದನ್ನು ಮೊದಲು ಆರಿಸಬೇಕು. ಈ ದೃಷ್ಟಿಯಿಂದ ಮೊದಲ ಸ್ಥಾನ ಪವರ್ ಸಪ್ಲೈ ಮತ್ತು ಯುಪಿಎಸ್‌ನದು. 2004ರಲ್ಲಿ ಆರಂಭವಾದ ‘80 ಪ್ಲಸ್’ ಗುರುತು ದಕ್ಷತೆಯನ್ನು ತಿಳಿಸುತ್ತದೆ. ಬಾಳಿಕೆಗೆ ವಾರಂಟಿಯ ಅವಧಿಯನ್ನು ನೋಡಬೇಕು. ಪೆಟ್ಟಿಗೆಯ ಜೊತೆ ಪುಕ್ಕಟೆ ಬರುವ, ಹೆಸರು ಕೇಳಿರದ ಪವರ್ ಸಪ್ಲೈಯನ್ನು ಬಳಸಬೇಡಿ.

ಎರಡನೆಯದು ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಸಾಕೆಟ್ ಎಷ್ಟು ಕಾಲ ಬಾಳುತ್ತದೆ ಎಂಬುದು ಮುಖ್ಯ. ಎಎಂಡಿಯ ಎಎಂ4 ಸಾಕೆಟ್‌ನ ಮೊದಲ ರೈಜನ್ ಪ್ರೊಸೆಸರುಗಳು 2017ರಲ್ಲಿ ಬಂದವು. ಆ ಕಾಲದ ಅನೇಕ ಬೋರ್ಡುಗಳು ಬಯೋಸ್ ನವೀಕರಣದ ಬಳಿಕ 2022ರಲ್ಲಿ ಬಂದ ಪ್ರೊಸೆಸರುಗಳನ್ನೂ ಸ್ವೀಕರಿಸಿದವು. ರ‍್ಯಾಮ್‌ಗೆ ನಾಲ್ಕಾದರೂ ಸಂದುಗಳಿದ್ದರೆ ಎರಡನ್ನು ತುಂಬಿಸಿ ಎರಡನ್ನು ಮುಂದಿನ ಕೊಯ್ಲಿಗೆ ಬಿಡಬಹುದು. ಆಟ ಮತ್ತು ಪ್ರಸಾರ ಒಟ್ಟಿಗೆ ನಡೆಯಲು 16 ಗಿಗಾಬೈಟ್ ಬೇಕು. ಒಂದೇ 16ರ ಬದಲು 8ರ ಎರಡು ಪಟ್ಟಿಗಳನ್ನು ಹಾಕಿದರೆ ಎರಡು ದಾರಿಯಲ್ಲಿ ದತ್ತಾಂಶ ಹರಿದು ವೇಗ ಹೆಚ್ಚುತ್ತದೆ.

ಮೂರನೆಯದು ಎನ್‌ಕೋಡರ್ ಇರುವ ಗ್ರಾಫಿಕ್ಸ್. ನಾಲ್ಕನೆಯದು ಆರು ತಿರುಳಿನ ಪ್ರೊಸೆಸರ್. ಎನ್‌ಕೋಡರ್ ಬೇರೆ ಇರುವುದರಿಂದ ಆರಂಭಕ್ಕೆ ಇದು ಸಾಕು. ಪ್ರಸಾರಕ್ಕೆ ಕ್ಯಾಮೆರಾಗಿಂತ ಮೊದಲು ಒಳ್ಳೆಯ ಮೈಕ್ ಕೊಳ್ಳಿ. ಚಿತ್ರ ಮಸುಕಾದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ಇನ್ನೊಂದು ಮಾತು: ಮುಂಗಾರಿನ ತೇವದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಗಣಕದ ಸಂಪರ್ಕ ಬಿಂದುಗಳಿಗೆ ತುಕ್ಕು ಹಿಡಿಯಬಹುದು. ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ.

ಬೆಲೆ ಏರಿದ ಕಾರಣ

ಕಾರ್ಡು, ರ‍್ಯಾಮ್‌ಗಳ ಬೆಲೆ ಇತ್ತೀಚಿನ ವರ್ಷಗಳಲ್ಲಿ ಏಕೆ ಹೀಗೆ ಏರಿಳಿಯುತ್ತಿದೆ ಎಂದು ಕೇಳುವವರಿದ್ದಾರೆ. ಆಟಕ್ಕೆಂದು ಬೆಳೆದ ಚಿಪ್ಪಿಗೆ ಬೇರೆ ಗಿರಾಕಿಗಳು ಸಿಕ್ಕಿದ್ದೇ ಇದಕ್ಕೆ ಕಾರಣ. ಒಂದೇ ಬಗೆಯ ಲೆಕ್ಕವನ್ನು ಸಾವಿರಾರು ಕಡೆ ಒಟ್ಟಿಗೆ ಮಾಡುವ ಗುಣ ವಿಜ್ಞಾನಿಗಳಿಗೂ ಬೇಕಾಗಿತ್ತು. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಗಳನ್ನು ಗುರುತಿಸುವ ‘ಅಲೆಕ್ಸ್‌ನೆಟ್’ ಎಂಬ ನರಜಾಲವನ್ನು ತರಬೇತುಗೊಳಿಸಿದ್ದು ಆಟಗಾರರ ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ. ಈಗಿನ ಕೃತಕ ಬುದ್ಧಿಮತ್ತೆಯ ಅಲೆ ಏಳಲು ಅದೊಂದು ಮುಖ್ಯ ಕಾರಣ. ನಡುವೆ 2017ರಲ್ಲಿ, ಮತ್ತೆ 2020ರ ನಂತರ, ಗೂಢನಾಣ್ಯ ಗಣಿಗಾರಿಕೆಯವರು ಕಾರ್ಡುಗಳನ್ನು ಸಗಟಾಗಿ ಕೊಂಡರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ವಿಧಾನ ಬದಲಿಸಿದ ಮೇಲೆ ಆ ಬೇಡಿಕೆ ಕುಸಿದು, ಹಗಲಿರುಳು ದುಡಿದ ಹಳೆಯ ಕಾರ್ಡುಗಳು ಮಾರುಕಟ್ಟೆಗೆ ಬಂದವು. 2025ರ ಕೊನೆಯಲ್ಲಿ ಸ್ಮೃತಿ ಚಿಪ್ ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಆದ್ಯತೆ ಕೊಟ್ಟಿದ್ದರಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಆಟಗಾರರ ಹಣದಿಂದ ಬೆಳೆದ ತಂತ್ರಜ್ಞಾನಕ್ಕೆ ಈಗ ಆಟಗಾರರೇ ಹೆಚ್ಚು ಬೆಲೆ ತೆರಬೇಕಾಗಿದೆ.

ಇಂಥ ಕಾಲದಲ್ಲಿ ತೆರೆದ ಪೆಟ್ಟಿಗೆಯ ಉಪಯೋಗ ಹಿಂದೆಂದಿಗಿಂತ ಹೆಚ್ಚು. ಎಲ್ಲವನ್ನೂ ಒಂದೇ ಬಾರಿ ಕೊಳ್ಳಬೇಕಾಗಿಲ್ಲ. ಗ್ರಾಫಿಕ್ಸ್ ಭಾಗವಿರುವ ಪ್ರೊಸೆಸರಿನಿಂದ ಆರಂಭಿಸಿ, ಒಂದು ವರ್ಷ ಸಣ್ಣ ಆಟಗಳನ್ನು ಆಡುತ್ತ, ಪ್ರಸಾರ ಕಲಿಯುತ್ತ, ಬೆಲೆ ಇಳಿದಾಗ ಅಥವಾ ಮೆಣಸಿಗೆ ಒಳ್ಳೆಯ ದರ ಬಂದಾಗ ಕಾರ್ಡನ್ನು ಸೇರಿಸಬಹುದು. ಒಂದು ಭಾಗ ಸಿಡಿಲಿಗೆ ಹೋದರೂ ಉಳಿದವು ಉಳಿದಿದ್ದರೆ ಆ ಒಂದನ್ನೇ ಬದಲಿಸಬಹುದು. ಎಲ್ಲವೂ ಒಂದೇ ಹಲಗೆಗೆ ಬೆಸೆದುಕೊಂಡ ಲ್ಯಾಪ್‌ಟಾಪುಗಳಲ್ಲಿ ಈ ಅನುಕೂಲವಿಲ್ಲ.

ಬಾಳೆಲೆಯ ಹುಡುಗನೋ ಹುಡುಗಿಯೋ ಗೋಣಿಕೊಪ್ಪಲಿನಲ್ಲೋ ಮೈಸೂರಿನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಭಾಗಗಳನ್ನು ಕೊಂಡರೆ ಎಲ್ಲದರ ಬಿಲ್ಲು, ವಾರಂಟಿ ಕಾಗದ, ಖಾಲಿ ಪೆಟ್ಟಿಗೆಗಳನ್ನು ಜೋಪಾನವಾಗಿಡಬೇಕು. ಜೋಡಿಸುವಾಗ ಮನೆಯವರೂ ಪಕ್ಕದಲ್ಲಿ ಕುಳಿತು ನೋಡಲಿ. ಯಾವ ಭಾಗ ಎಲ್ಲಿದೆ, ಏನು ಮಾಡುತ್ತದೆ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿದ್ದರೆ ಮುಂದೆ ಕೆಟ್ಟಾಗ ಇಡೀ ಗಣಕವನ್ನು ಹೊತ್ತು ಬಸ್ಸು ಹತ್ತಬೇಕಾಗುವುದಿಲ್ಲ.